ಸುಟ್ಟ ಉಣ್ಣೆಯ ವಾಸನೆ

ಭೀಮರಾಯನಗುಡಿ ಕ್ಯಾಂಪ್, ತಾ. ಶಹಾಪುರ
12 ಜೂನ್ 2024

ಮುಖ್ಯ ಸಂಶೋಧಕರಿಗೆ,
ಮಿದುಳು ಗಡ್ಡೆಯ ರಕ್ತಪರೀಕ್ಷಾ ಅಧ್ಯಯನ, ಹೈದರಾಬಾದ್.

ಮಾನ್ಯರೆ,

ನಾನು ಬಸವಂತರಾಯ, ಇಲ್ಲಿನ ನೀರಾವರಿ ಯೋಜನೆಯ ಕಚೇರಿಯಲ್ಲಿ ಅಧೀಕ್ಷಕ. ನನ್ನ ಮಗಳು ಕಲ್ಪನಾ, ಇದೇ ಊರಿನ ಕೃಷಿ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದವಳು, ಯುಗಾದಿಯಾದ ಮರುವಾರ ನಿಮ್ಮ ನಗರದ ಆಸ್ಪತ್ರೆಯೊಂದರಲ್ಲಿ ಮಿದುಳಿನ ಗಡ್ಡೆಯಿಂದ ತೀರಿಕೊಂಡಳು. ಈ ಸಂಗತಿ ನಿಮಗೆ ಗೊತ್ತಿದೆಯೋ ಇಲ್ಲವೋ ತಿಳಿಯದು. ನಿಮ್ಮಿಂದ ಒಂದು ಕಾಗದವೂ ಬಂದಿಲ್ಲ.

ನಡೆದುದನ್ನು ಕ್ರಮವಾಗಿ ಇಡುತ್ತೇನೆ. ಕಳೆದ ಡಿಸೆಂಬರಿನಲ್ಲಿ ನಿಮ್ಮ ತಂಡ ಶಹಾಪುರದಲ್ಲಿ ಶಿಬಿರ ಹೂಡಿತು. ಬಹುಕಾಲದ ತಲೆನೋವಿನವರಿಂದ ರಕ್ತ ಪಡೆದು, ಮಿದುಳಿನಲ್ಲಿ ಗಡ್ಡೆಯಿದ್ದರೆ ಅದರ ಗುರುತು ರಕ್ತದಲ್ಲಿ ಸಿಗುತ್ತದೆಯೇ ಎಂದು ಪರಿಶೀಲಿಸುವುದು ನಿಮ್ಮ ಅಧ್ಯಯನದ ಉದ್ದೇಶ. ರಕ್ತ ಏನೇ ಹೇಳಲಿ, ಎಲ್ಲರಿಗೂ ಕಲಬುರಗಿಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿ ಎರಡನ್ನೂ ಹೋಲಿಸುವುದು ನಿಮ್ಮ ಕ್ರಮ. ಸ್ಕ್ಯಾನ್ ಮುಗಿಯುವ ತನಕ ರಕ್ತದ ಫಲಿತಾಂಶವನ್ನು ಯಾರಿಗೂ ತಿಳಿಸಬಾರದೆಂಬುದು ನಿಮ್ಮದೇ ನಿಯಮ.

ಸಂಕ್ರಾಂತಿಯ ಹೊತ್ತಿಗೆ ನಿಮ್ಮ ಶಿಬಿರದ ಸಹಾಯಕ ಸೂಗಪ್ಪ ಎಂಬವನು ಸ್ಕ್ಯಾನಿನ ದಿನಾಂಕ ತಿಳಿಸಲು ನನ್ನ ಹೆಂಡತಿ ಅಂಬವ್ವನಿಗೆ ಫೋನು ಮಾಡಿದ. "ನೆತ್ತರದಾಗ ಏನ್ ಬಂತ್ರಿ?" ಎಂದು ಅವಳು ಕೇಳಿದಳು. "ಏನೂ ಇಲ್ಲ ತಗೋರಿ ಯವ್ವಾ, ಆರಾಮ ಇರ್ರಿ" ಎಂದ. ಆ ವಾರವೇ ಕಲ್ಪನಾಳ ಪರೀಕ್ಷೆಗಳಿದ್ದವು. ಏನೂ ಇಲ್ಲವೆಂದ ಮೇಲೆ ಪರೀಕ್ಷೆ ಬಿಟ್ಟು ಕಲಬುರಗಿಗೆ ಹೋಗುವ ಅಗತ್ಯ ಯಾರಿಗೂ ಕಾಣಲಿಲ್ಲ. ಅವಳು ಪರೀಕ್ಷೆ ಬರೆದಳು. ಮಾರ್ಚಿನಲ್ಲಿ ಕಾಲೇಜಿನ ಹೊಲದಲ್ಲಿ ಕುಸಿದುಬಿದ್ದಳು.

ನಮ್ಮಲ್ಲಿ ಹೂಳುವ ಪದ್ಧತಿ. ನಮ್ಮ ಮೂಲ ಊರಾದ ಹತ್ತಿಕುಣಿಯ ಹೊಲದಲ್ಲಿ ಕಂಬಳಿ ಹೊದಿಸಿ ಮಣ್ಣು ಕೊಟ್ಟೆವು. ಆದರೆ ಅಂಬವ್ವ ಅಂದಿನಿಂದ ಒಂದೇ ಮಾತು ಹೇಳುತ್ತಿದ್ದಾಳೆ: "ಅಕಿ ನೆತ್ತರಾ ಇನ್ನಾ ಅಲ್ಲೇ ಥಂಡ್ಯಾಗ ಅದ. ಮಣ್ಣು ಪೂರಾ ಆಗಿಲ್ಲ."

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಮ್ಮಲ್ಲಿ ಉಳಿದಿರುವ ನನ್ನ ಮಗಳ ರಕ್ತವನ್ನು ಹಿಂದಿರುಗಿಸಬೇಕು. ಅವಳಿಗೆ ಸಂಬಂಧಿಸಿದ ಪ್ರತಿಯೊಂದು ಅಂಕಿಯನ್ನೂ ಅಧ್ಯಯನದಿಂದ ತೆಗೆದುಹಾಕಬೇಕು. ಫೋನು ಮಾಡಬೇಡಿ. ಫೋನಿನಲ್ಲಿ ಆಡಿದ ಮಾತಿಗೆ ನಾಳೆ ಒಡೆಯರಿರುವುದಿಲ್ಲ.

ಉತ್ತರವನ್ನು ಕಾಗದದಲ್ಲೇ ನಿರೀಕ್ಷಿಸುವ,
ಬಸವಂತರಾಯ

---

ಹೈದರಾಬಾದ್
3 ಜುಲೈ 2024

ಸನ್ಮಾನ್ಯ ಬಸವಂತರಾಯ ಅವರಿಗೆ,

ನಿಮ್ಮ ಕಾಗದ ತಲುಪಿತು. ಕಲ್ಪನಾ ತೀರಿಕೊಂಡದ್ದು ನಮಗೆ ಏಪ್ರಿಲಿನಲ್ಲೇ ಗೊತ್ತಾಗಿತ್ತು. ಬರೆಯಬೇಕಿತ್ತು, ಬರೆಯಲಿಲ್ಲ. ಅದಕ್ಕೆ ಕಾರಣ ಹೇಳಲು ಹೋಗುವುದಿಲ್ಲ.

ಸೂಗಪ್ಪ ಹಾಗೆ ಹೇಳಿದ್ದು ನಿಜ. ಯಂತ್ರದಿಂದ ಬಂದ ಅಂಕಿಯನ್ನು ಅವನು ನೋಡಬಾರದಿತ್ತು. ನೋಡಲು ಸಿಗುವಂತೆ ಇಟ್ಟವರು ನಾವು. ತಾಯಿಯ ದನಿ ಕೇಳಿ ಸಮಾಧಾನಕ್ಕೆಂದು ಹೇಳಿದೆ ಎಂದು ನನ್ನ ಮುಂದೆ ಅತ್ತ. ಅವನು ಈಗ ಕೆಲಸ ಬಿಟ್ಟಿದ್ದಾನೆ. ಅಧ್ಯಯನದ ಮುಖ್ಯಸ್ಥೆ ನಾನು, ಹೊಣೆ ನನ್ನದು.

ಕಲ್ಪನಾಳ ರಕ್ತ ಮೂರು ಪುಟ್ಟ ಕೊಳವೆಗಳಲ್ಲಿ ನಮ್ಮ ಶೀತಲ ಪೆಟ್ಟಿಗೆಯಲ್ಲಿದೆ. ಹಿಂದೆ ಪಡೆಯುವ ಹಕ್ಕು ನಿಮಗಿದೆ ಎಂದು ನಾನು ನಂಬಿದ್ದೇನೆ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದವಳು ಕಲ್ಪನಾಳೇ ಆದ್ದರಿಂದ, ಇಲ್ಲಿನ ನೀತಿ ಸಮಿತಿಯ ಒಪ್ಪಿಗೆ ಬೇಕು. ನಿಮ್ಮ ಕಾಗದವನ್ನು ಅವರ ಮುಂದಿಟ್ಟಿದ್ದೇನೆ.

ನಾನು ಸುರಪುರದವಳು. ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಊರಿನಲ್ಲಿ ತಾಲೂಕು ಮಟ್ಟದ ಚರ್ಚಾಸ್ಪರ್ಧೆ ನಡೆಯಿತು. "ಕಾಲುವೆ ನೀರಿನಿಂದ ನಮ್ಮ ಸೀಮೆಗೆ ಒಳಿತಾಗಿದೆ" ಎಂಬುದು ವಿಷಯ. ಪರವಾಗಿ ಮಾತಾಡಿದ ನನಗೆ ತೀರ್ಪುಗಾರರಾಗಿದ್ದ ನೀವು ಎರಡನೆಯ ಸ್ಥಾನ ಕೊಟ್ಟಿರಿ. ನೀರು ನಿಂತು ಸವಳಾದ ಹೊಲಗಳ ಮಾತನ್ನು ನಾನು ಬೇಕೆಂದೇ ಬಿಟ್ಟಿದ್ದೆ. ನೀವು ಎಲ್ಲರ ಮುಂದೆ, "ಎದುರು ಪಕ್ಷದ ಅತಿ ಬಲವಾದ ಮಾತು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ. ಅದಕ್ಕೇ ಎರಡನೆಯದು" ಎಂದಿರಿ. ಮನೆಗೆ ಹೋಗುವವರೆಗೂ ಅತ್ತೆ.

ಇನ್ನೊಂದು ಮಾತಿದೆ. ಅದು ನಿಮ್ಮ ಬೇಡಿಕೆಗೆ ಅಡ್ಡ ಬರುವಂಥದ್ದು. ಸಮಿತಿಯ ಅನುಮತಿಯಿಲ್ಲದೆ ಬರೆಯಲಾರೆ.

ತಮ್ಮ ದುಃಖಕ್ಕೆ ತಲೆಬಾಗಿ,
ಡಾ. ಅರ್ಜುಮಂದ

---

ಭೀಮರಾಯನಗುಡಿ ಕ್ಯಾಂಪ್
15 ಜುಲೈ 2024

ಡಾ. ಅರ್ಜುಮಂದ ಅವರಿಗೆ,

ನಿಮ್ಮ ಹಳೆಯ ಪರಿಚಯಕ್ಕೂ ನನ್ನ ಬೇಡಿಕೆಗೂ ಸಂಬಂಧವಿಲ್ಲ. ಯಾದಗಿರಿಯಲ್ಲಿ ಓದುವಾಗ ನಾನೇ ಸ್ಪರ್ಧಿಯಾಗಿದ್ದೆ. ಮುಂದೆ ಹಲವು ಸಭೆಗಳಲ್ಲಿ ತೀರ್ಪುಗಾರನಾಗಿ ಕುಳಿತಿದ್ದೇನೆ. ಮುಖಗಳು ನೆನಪಿಲ್ಲ.

ಅಡ್ಡ ಬರುವ ಮಾತೊಂದಿದೆ ಎಂದು ಹೇಳಿ, ಅದನ್ನು ತಡೆಹಿಡಿಯುವುದು ವೇದಿಕೆಯವರ ತಂತ್ರ. ಸಭೆ ಕಾಯಲಿ ಎಂದು ನಾನೂ ಹಾಗೆ ಮಾಡಿದ್ದುಂಟು. ಮಗಳನ್ನು ಕಳೆದುಕೊಂಡ ಮನೆಯ ಮುಂದೆ ಅದು ಸಲ್ಲದು. ಅನುಮತಿ ಪಡೆಯಿರಿ, ಪೂರ್ತಿ ಬರೆಯಿರಿ.

ಜೊತೆಗೆ ಈ ಪ್ರಶ್ನೆಗಳಿಗೆ ಉತ್ತರ ಕೊಡಿ. ರಕ್ತದಲ್ಲಿ ನೀವು ಹುಡುಕಿದ್ದು ಏನನ್ನು? ನನ್ನ ಮಗಳ ತಲೆಯಲ್ಲಿ ಆ ಹೊತ್ತಿಗೆ ಗಡ್ಡೆ ಇತ್ತೇ? ಇದ್ದರೆ, ಅವಳ ರಕ್ತ ಅದನ್ನು ಏಕೆ ತಿಳಿಸಲಿಲ್ಲ?

ಉತ್ತರ ಯಾರಿಗೆ ಹೋಗುತ್ತದೆಂದು ನಿಮಗೆ ತಿಳಿದಿರಲಿ. ಮನೆಯಲ್ಲಿ ಮೂವರಿದ್ದೇವೆ. ನನ್ನ ತಂದೆ ಯಂಕಣ್ಣ ಹತ್ತಿಕುಣಿಯಲ್ಲಿ ಕುರಿ ಮೇಯಿಸಿಕೊಂಡಿದ್ದವರು. ಮೊಣಕಾಲು ಸೋತ ಮೇಲೆ ಹಿಂಡು ಮಾರಿ ನಮ್ಮ ಕ್ವಾರ್ಟರ್ಸಿಗೆ ಬಂದರು. ಕುರಿ ಹೋದರೂ ಉಣ್ಣೆ ಹೋಗಲಿಲ್ಲ. ಪಡಸಾಲೆಯಲ್ಲಿ ಕುಳಿತು ಕದರು ತಿರುಗಿಸಿ ನೂಲು ತೆಗೆಯುತ್ತಿದ್ದರು. ಈಗ ಅದನ್ನೂ ಬಿಟ್ಟಿದ್ದಾರೆ. ತಮ್ಮ ಕಂಬಳಿಯನ್ನು ತೊಡೆಯ ಮೇಲೆ ಹರವಿಕೊಂಡು ತಿರುವಿ ತಿರುವಿ ನೋಡುತ್ತಾರೆ. ಏಕೆಂದು ನಾನು ಕೇಳಿಲ್ಲ. ಅಂಬವ್ವ ದಿನಕ್ಕೊಮ್ಮೆ ಅಂಚೆಯವನ ದಾರಿ ನೋಡುತ್ತಾಳೆ. ಅಂಚೆಯಲ್ಲಿ ರಕ್ತ ಬರುವುದಿಲ್ಲವೆಂದು ಹೇಳಿದ್ದೇನೆ. ಕೇಳಿಸಿಕೊಳ್ಳುವುದಿಲ್ಲ.

ಪೂರ್ಣ ಉತ್ತರವನ್ನಷ್ಟೇ ಒಪ್ಪುವ,
ಬಸವಂತರಾಯ

---

ಹೈದರಾಬಾದ್
9 ಆಗಸ್ಟ್ 2024

ಸನ್ಮಾನ್ಯ ಬಸವಂತರಾಯ ಅವರಿಗೆ,

ಸಮಿತಿ ಅನುಮತಿ ಕೊಟ್ಟಿದೆ. ಪೂರ್ತಿ ಬರೆಯುತ್ತಿದ್ದೇನೆ.

ಮಿದುಳಿನ ನರಗಳಿಗೆ ಆಸರೆಯಾಗಿ ನಿಲ್ಲುವ ಜೀವಕೋಶಗಳಿವೆ. ಅವುಗಳೊಳಗೆ ಒಂದು ಬಗೆಯ ಪ್ರೋಟೀನ್ ಇರುತ್ತದೆ. ಮಿದುಳಿಗೂ ರಕ್ತಕ್ಕೂ ನಡುವೆ ಬಿಗಿಯಾದ ತಡೆಯಿರುವುದರಿಂದ ಆರೋಗ್ಯವಂತರ ರಕ್ತದಲ್ಲಿ ಅದು ತೀರಾ ಕಡಿಮೆ. ಗಡ್ಡೆ ಬೆಳೆದು ಆ ತಡೆಯನ್ನು ಒಡೆದಾಗ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ನಾವು ಅಳೆಯುವುದು ಆ ಸೋರಿಕೆಯನ್ನು. ಸ್ಕ್ಯಾನ್ ಯಂತ್ರವಿಲ್ಲದ ಊರುಗಳಲ್ಲಿ ಒಂದು ಹನಿ ರಕ್ತದಿಂದಲೇ, ಯಾರನ್ನು ಮೊದಲು ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ತಿಳಿದರೆ ಒಳ್ಳೆಯದಲ್ಲವೇ ಎಂಬ ಆಸೆಯಿಂದ ಈ ಕೆಲಸ ಶುರು ಮಾಡಿದೆ.

ನೀವು ನೀರಾವರಿಯವರು. ಹತ್ತಿಕುಣಿ ಜಲಾಶಯದ ಏರಿಯನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಏರಿಯ ಹೊರಮೈಯಲ್ಲಿ ಜೌಗು ಕಂಡರೆ ಒಳಗೆ ನೀರಿನ ಒತ್ತಡವಿದೆ ಎಂದು ತಿಳಿಯಬಹುದು. ಹೊರಮೈ ಒಣಗಿದ್ದರೆ ಒಳಗೆ ನೀರೇ ಇಲ್ಲ ಎನ್ನಲಾಗದು. ಕೆಲವು ಗಡ್ಡೆಗಳು ಸೋರದೆಯೇ ಬೆಳೆಯುತ್ತವೆ. ಕುಸಿದುಬಿದ್ದ ಮೇಲೆ ಮಾರ್ಚಿನಲ್ಲಿ ತೆಗೆದ ಸ್ಕ್ಯಾನಿನಲ್ಲಿ ಕಂಡ ಗಾತ್ರ ನೋಡಿದರೆ, ಡಿಸೆಂಬರಿನಲ್ಲೂ ಕಲ್ಪನಾಳ ತಲೆಯಲ್ಲಿ ಗಡ್ಡೆ ಇದ್ದೇ ಇತ್ತು. ಅವಳ ರಕ್ತ ಮಾತ್ರ ಆರೋಗ್ಯವಂತರ ರಕ್ತದಂತೆಯೇ ಇತ್ತು.

ಈಗ ಅಡ್ಡ ಬರುವ ಮಾತು. ಗಡ್ಡೆಯಿದ್ದೂ ನಮ್ಮ ಪರೀಕ್ಷೆಗೆ ಸಿಗದವರು ಒಟ್ಟು ನಾಲ್ವರು. ಮೂವರ ಗಡ್ಡೆ ಸಣ್ಣದಿತ್ತು. ಸಣ್ಣದು ತಪ್ಪಿಸಿಕೊಂಡಿತೆಂದರೆ ಯಾರೂ ನಮ್ಮನ್ನು ದೂರುವುದಿಲ್ಲ. ದೊಡ್ಡ ಗಡ್ಡೆಯಿದ್ದೂ ಪೂರ್ತಿ ತಪ್ಪಿಸಿಕೊಂಡವಳು ಕಲ್ಪನಾ ಒಬ್ಬಳೇ. ನಿಮ್ಮ ಬೇಡಿಕೆಯಂತೆ ಅವಳನ್ನು ತೆಗೆದರೆ ನಮ್ಮ ಪರೀಕ್ಷೆ ಇದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಇದನ್ನು ಮಾರುಕಟ್ಟೆಗೆ ತರಲು ಒಂದು ಕಂಪನಿ ಕಾದಿದೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ನಿಮ್ಮ ಕಾಗದ ನೋಡಿ ನಿರಾಳವಾಯಿತು. ಇದನ್ನು ನಾಚಿಕೆಯಿಂದ ಬರೆಯುತ್ತಿದ್ದೇನೆ.

ಅಂಕಿಯನ್ನಷ್ಟೇ ಉಳಿಸಿ ರಕ್ತ ಕೊಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ಹೊರಗಿನ ಇನ್ನೊಂದು ಪ್ರಯೋಗಾಲಯ ಅದೇ ರಕ್ತವನ್ನು ಮತ್ತೆ ಅಳೆದು ಅದೇ ಅಂಕಿ ಬಂದರೆ ಮಾತ್ರ, ಇದು ಪರೀಕ್ಷೆಯ ಮಿತಿ ಎಂದು ಒಪ್ಪುತ್ತಾರೆ. ರಕ್ತವಿಲ್ಲದಿದ್ದರೆ ಯಂತ್ರದ ತಪ್ಪೆಂದು ಅವಳನ್ನು ಬದಿಗಿಡುತ್ತಾರೆ.

ನನ್ನ ವಿರುದ್ಧದ ಅತಿ ಬಲವಾದ ಮಾತು ನಿಮ್ಮ ಮಗಳು. ಮುಚ್ಚಿಡಲಿಲ್ಲ. ತೀರ್ಮಾನ ನಿಮ್ಮದು.

ಕಾಯುತ್ತಿರುವ,
ಅರ್ಜುಮಂದ

---

ಭೀಮರಾಯನಗುಡಿ ಕ್ಯಾಂಪ್
18 ನವೆಂಬರ್ 2024

ಡಾ. ಅರ್ಜುಮಂದ ಅವರಿಗೆ,

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಕಾಗದಕ್ಕೆ ನಾಲ್ಕು ಉತ್ತರ ಬರೆದು ಹರಿದುಹಾಕಿದೆ. ಎಲ್ಲವೂ ಚೆನ್ನಾಗಿಯೇ ಇದ್ದವು. ವಾದದಲ್ಲಿ ನಿಮ್ಮನ್ನು ಸೋಲಿಸುವುದು ನನಗೆ ಕಷ್ಟವಲ್ಲ. ನನ್ನ ಹಕ್ಕನ್ನು ಒಪ್ಪಿಕೊಂಡು, ಅದನ್ನು ಚಲಾಯಿಸಿದರೆ ಯಾರದೋ ಮನೆಯ ಮಗು ಸಾಯಬಹುದೆಂಬ ಭಾರವನ್ನು ನನ್ನ ಹೆಗಲಿಗೆ ಹಾಕಿದ್ದೀರಿ. ಅದು ನಿಮ್ಮ ಹೆಗಲಿಗೆ ಸೇರಿದ ಭಾರ.

ದೀಪಾವಳಿ ಕಳೆದ ಮೇಲೆ ನಿಮ್ಮ ಕಾಗದವನ್ನು ಅಂಬವ್ವನಿಗೆ ನಮ್ಮ ಮನೆಯ ಮಾತಿನಲ್ಲಿ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ನೀವು ಬರೆದ ಏರಿಯ ಹೋಲಿಕೆ ಅವಳಿಗೆ ಕೂಡಲೇ ತಿಳಿಯಿತು. "ಅಂದ್ರ ನೆತ್ತರಾ ಸುಮ್ಮನ ಕುಂತಿತ್ತು," ಎಂದಳು. ಮೊರವನ್ನು ಕೆಳಗಿಟ್ಟು ಕೇಳಿದಳು: "ಅಕಿ ಮೂಗು ಹೇಳಿತ್ತಲ್ರಿ?"

ಅವಳು ಕೇಳಿದ್ದು ಏನೆಂದು ನನಗೆ ಅರ್ಥವಾಯಿತು. ನಿಮಗೆ ಆಗಬೇಕಾದರೆ ವಿವರಿಸಬೇಕು.

ಕಳೆದ ವರ್ಷ ಮಳೆಗಾಲ ಮುಗಿದಾಗಿನಿಂದ ಕಲ್ಪನಾ ಆಗಾಗ ತಟ್ಟನೆ ತಲೆಯೆತ್ತಿ, ಉಣ್ಣೆ ಸುಟ್ಟ ವಾಸನೆ ಬರುತ್ತಿದೆ ಎನ್ನುತ್ತಿದ್ದಳು. ಓದುತ್ತಿದ್ದರೆ ಪುಸ್ತಕ ಬಿಡುವಳು, ಉಣ್ಣುತ್ತಿದ್ದರೆ ತುತ್ತು ಬಿಡುವಳು. ಒಂದೆರಡು ನಿಮಿಷದಲ್ಲಿ ಹೋಯಿತೆನ್ನುವಳು. ಬೇರೆ ಮನೆಯಾಗಿದ್ದರೆ ಇದೇನು ಹೊಸದೆಂದು ಯೋಚಿಸುತ್ತಿದ್ದರೋ ಏನೋ. ನಮ್ಮದು ಉಣ್ಣೆಯ ಮನೆ. ನನ್ನ ತಂದೆ ಬೀಡಿ ಸೇದುವವರು. ಬೀಡಿಯ ಕಿಡಿ ಹಾರಿ ಅವರ ಹಿಂದಿನ ಕಂಬಳಿಗಳಿಗೆ ತೂತು ಬಿದ್ದದ್ದುಂಟು. ಹಾಗಾಗಿ ವಾಸನೆ ಎಂದಾಗಲೆಲ್ಲ ಎಲ್ಲರೂ ಕಂಬಳಿ ಹುಡುಕಿದೆವು. ಅಂಬವ್ವ ಹಾಸಿಗೆ ಕೊಡವುವಳು. ನಾನು ಕಿಟಕಿ ತೆರೆಯುತ್ತಿದ್ದೆ. "ಮುತ್ಯಾ, ಮತ್ತ ಸುಟ್ಟಿ ನೋಡು," ಎಂದು ಮಗಳು ಅಜ್ಜನನ್ನು ನೋಡಿ ನಗುವಳು. "ಏ ಹುಡುಗಿ, ನಿನ್ನ ಮೂಗು ಪೊಲೀಸರ ನಾಯಿದ ಅದ," ಎಂದು ಅವರು ಅಂಗೈಯಿಂದ ಕಂಬಳಿ ತಟ್ಟುವರು. ಕೊನೆಗೆ ಅಂಬವ್ವ ಮಾವನನ್ನು ಗದರಿಸಿದಳು. ಐವತ್ತು ವರ್ಷದ ಬೀಡಿಯನ್ನು ಅವರು ಮೊಮ್ಮಗಳಿಗಾಗಿ ಬಿಟ್ಟರು. ವಾಸನೆ ಬಿಡಲಿಲ್ಲ.

ಈ ಸಂಗತಿಯನ್ನು ನಿಮ್ಮ ಶಿಬಿರದಲ್ಲಿ ಯಾರೂ ಹೇಳಲಿಲ್ಲ. ಮನೆಯಲ್ಲಿ ಕಂಬಳಿ ಸುಡುವುದನ್ನು ಯಾರು ವೈದ್ಯರಿಗೆ ಹೇಳುತ್ತಾರೆ?

"ಮನಿಮಂದೆಲ್ಲಾ ಕಂಬಳಿ ನೋಡಿದ್ವಿ. ಅಕಿ ತಲಿ ಒಬ್ರೂ ನೋಡಲಿಲ್ಲ," ಎಂದು ಅಂಬವ್ವ ಮತ್ತೆ ಮೊರ ಎತ್ತಿಕೊಂಡಳು.

ಅದು ರೋಗದ ಸೂಚನೆಯಾಗಿತ್ತೇ? ನೇರವಾದ ಉತ್ತರ ಕೊಡಿ. ನನ್ನ ಮೇಲೆ ಕರುಣೆ ತೋರಿಸಬೇಡಿ. ತಂದೆಯವರಿಗೆ ಇದಾವುದನ್ನೂ ಹೇಳಿಲ್ಲ. ರಕ್ತವನ್ನು ಹಿಂದಿರುಗಿಸಬೇಕೆಂಬ ನನ್ನ ಬೇಡಿಕೆ ಹಾಗೆಯೇ ಇದೆ.

ಬಸವಂತರಾಯ

---

ಹೈದರಾಬಾದ್
2 ಡಿಸೆಂಬರ್ 2024

ಸನ್ಮಾನ್ಯ ಬಸವಂತರಾಯ ಅವರಿಗೆ,

ಹೌದು. ಸೂಚನೆಯಾಗಿತ್ತು.

ಕಲ್ಪನಾಳ ಗಡ್ಡೆ ಇದ್ದದ್ದು ಕಿವಿಯ ನೇರಕ್ಕೆ ಮಿದುಳಿನ ಒಳಬದಿಯಲ್ಲಿ, ವಾಸನೆಯನ್ನು ಅರಿಯುವ ಭಾಗದ ಪಕ್ಕದಲ್ಲಿ. ಅಲ್ಲಿ ಗಡ್ಡೆ ಒತ್ತಿದಾಗ ಇಲ್ಲದ ವಾಸನೆ ಬರುತ್ತದೆ. ಹಲವರಿಗೆ ಸುಟ್ಟ ವಾಸನೆಯೇ. ಕೈಕಾಲು ಅಲುಗದ, ನೋಡುವವರಿಗೆ ಕಾಣದ ಒಂದು ಬಗೆಯ ಫಿಟ್ಸ್ ಅದು. ಅದೊಂದನ್ನು ನಾವು ಕೇಳಿದ್ದರೆ, ರಕ್ತದ ಅಂಕಿ ಏನೇ ಇರಲಿ, ಅವಳನ್ನು ಅಂದೇ ಸ್ಕ್ಯಾನಿಗೆ ಕಳಿಸುತ್ತಿದ್ದೆವು. ವಾಂತಿ ಕೇಳಿದೆವು, ಕಣ್ಣು ಮಂಜಾಗುವುದನ್ನು ಕೇಳಿದೆವು, ಬವಳಿ ಕೇಳಿದೆವು. ವಾಸನೆಯನ್ನು ಕೇಳಲಿಲ್ಲ. ರಕ್ತ ಹೇಳುತ್ತದೆಂಬ ಭರವಸೆಯಲ್ಲಿ ಬಾಯಿಯಿಂದ ಕೇಳುವುದನ್ನು ಕಡಿಮೆ ಮಾಡಿಕೊಂಡಿದ್ದೆವು.

ಆಗ ತಿಳಿದಿದ್ದರೆ ಬದುಕುತ್ತಿದ್ದಳು ಎಂದು ನಾನು ಬರೆಯಲಾರೆ. ಬದುಕುತ್ತಿರಲಿಲ್ಲ ಎಂದೂ ಬರೆಯಲಾರೆ. ಕರುಣೆ ಬೇಡವೆಂದಿರಿ, ಅದಕ್ಕೆ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಸಮಿತಿ ನಿಮ್ಮ ಹಕ್ಕನ್ನು ಒಪ್ಪಿದೆ. ಜನವರಿಯಲ್ಲಿ ತಾಯಿ ಶರೀಫಾಬೀಯವರನ್ನು ನೋಡಲು ಸುರಪುರಕ್ಕೆ ಬರುತ್ತಿದ್ದೇನೆ. ದಾರಿಯಲ್ಲಿ ನಿಮ್ಮಲ್ಲಿಗೆ ಬಂದು ಮೂರು ಕೊಳವೆಗಳನ್ನೂ ನಾನೇ ಒಪ್ಪಿಸುತ್ತೇನೆ. ಅವುಗಳಲ್ಲಿ ಒಂದು ನನ್ನೊಡನೆ ಪ್ರಯೋಗಾಲಯಕ್ಕೆ ಮರಳಿದರೂ ಸಾಕು ಎಂಬುದು ನನ್ನ ಬಿನ್ನಹ. ಬರಿಗೈಲಿ ಕಳಿಸಿದರೆ ಬರಿಗೈಲೇ ಹೋಗುತ್ತೇನೆ, ಕಲ್ಪನಾಳನ್ನು ಅಧ್ಯಯನದಿಂದ ತೆಗೆಯುತ್ತೇನೆ. ಇದನ್ನು ಕಾಗದದಲ್ಲಿ ಬರೆದಿದ್ದೇನೆ.

ಬರುವ ಮುನ್ನ ತಿಳಿಸುವ,
ಅರ್ಜುಮಂದ

---

ಭೀಮರಾಯನಗುಡಿ ಕ್ಯಾಂಪ್
27 ಜನವರಿ 2025

ಡಾ. ಅರ್ಜುಮಂದ ಅವರಿಗೆ,

ನೀವು ಬಂದುಹೋದ ಮೇಲೆ ನಡೆದುದನ್ನು ನಿಮಗೆ ತಿಳಿಸುವುದು ನ್ಯಾಯವೆಂದು ಬರೆಯುತ್ತಿದ್ದೇನೆ.

ಅಂದು ಪೆಟ್ಟಿಗೆಯ ಮುಚ್ಚಳ ತೆಗೆದಾಗ ಅಂಬವ್ವ ಕೈ ಇಟ್ಟು ಸರಕ್ಕನೆ ಹಿಂದೆಗೆದದ್ದನ್ನು ನೀವು ಕಂಡಿರಿ. ಕೊಳವೆಯೊಳಗಿನದು ಕೆಂಪಾಗಿರಲಿಲ್ಲ, ತಿಳಿಹಳದಿಯಾಗಿತ್ತು. "ಕೆಂಪು ಎಲ್ಲಿ ಹೋತ್ರಿ?" ಎಂದು ಅವಳು ಕೇಳಿದ್ದಕ್ಕೆ, ಕೆಂಪು ಕಣಗಳನ್ನು ಮೊದಲೇ ಬೇರ್ಪಡಿಸುತ್ತಾರೆಂದು ನೀವು ತಾಳ್ಮೆಯಿಂದ ಹೇಳಿದಿರಿ. ಇದು ತನ್ನ ಮಗಳದಲ್ಲವೆಂದು ಅವಳಿಗೆ ಅನಿಸಿತೆಂದು ನಾನು ತಿಳಿದೆ. ಅದಾದ ಮೇಲೆ ಅವಳು ಎರಡು ಕೊಳವೆಗಳನ್ನು ತೆಗೆದುಕೊಂಡು, ಮೂರನೆಯದರ ಮೇಲೆ ಮುಚ್ಚಳ ಮುಚ್ಚಿದಳು. ನನ್ನನ್ನು ಕೇಳಲಿಲ್ಲ. "ನಾಳಿ ಯಾವಾಕಿಗರ ಹಿಂಗೇ ಏನೂ ಇಲ್ಲ ಅಂದ್ರ? ಒಂದು ಇರ್ಲಿ," ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಬದಲು ಅವಳು ತೀರ್ಪು ಕೊಟ್ಟದ್ದು ಅದೇ ಮೊದಲು. ಪೆಟ್ಟಿಗೆಗೆ ಸುತ್ತಲು ಅವಳು ಕೊಟ್ಟ ಕಂಬಳಿಯ ತುಂಡನ್ನು ನೀವು ಬೇಡವೆನ್ನಲಿಲ್ಲ. ಅದರಿಂದ ಪ್ರಯೋಜನವಿಲ್ಲವೆಂದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುದಿನ ಯಾದಗಿರಿಗೆ ಬಸ್ಸು ಹಿಡಿದು, ಅಲ್ಲಿಂದ ಹತ್ತಿಕುಣಿಗೆ ಹೋದೆವು. ಕೊಳವೆಗಳನ್ನು ಅಂಬವ್ವ ಸೆರಗಿನಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದಳು. ರಾತ್ರಿ ಕಳೆಯುವಷ್ಟರಲ್ಲೇ ಒಳಗಿನ ಹಿಮ ಪೂರ್ತಿ ಕರಗಿತ್ತು. ಗೋರಿಯ ತಲೆದೆಸೆಯಲ್ಲಿ ನಾನು ಮಣ್ಣು ಬಗೆದೆ. ಅವಳು ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಹೇಳಿದಳು: "ಹುಟ್ಟಿದಾಗ ಕಾಮಣಿ ಆಗಿ ಹಿಂಗೇ ಹಳದಿ ಇದ್ಲು ನೋಡ್ರಿ. ಅಕಿದೇ ಹೌದು."

ಆ ಕಾಮಾಲೆ ನನಗೆ ನೆನಪಿರಲಿಲ್ಲ. ಆ ದಿನಗಳಲ್ಲಿ ನಾನು ಇಲಾಖಾ ಪರೀಕ್ಷೆ ಬರೆಯಲು ಕಲಬುರಗಿಯಲ್ಲಿದ್ದೆ.

ಮಣ್ಣು ಮುಚ್ಚಿದೆವು. ಊರಿಗೆ ಮರಳುವಾಗ ಅವಳು, ಮಣ್ಣು ಪೂರಾ ಆಯಿತೆಂದು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಒಂದು ಕೊಳವೆ ಇನ್ನೂ ನಿಮ್ಮಲ್ಲಿದೆಯಷ್ಟೆ.

ಆದ್ದರಿಂದ ಜೂನ್ ತಿಂಗಳ ನನ್ನ ಬೇಡಿಕೆಯನ್ನು ಈ ಕಾಗದದ ಮೂಲಕ ಹಿಂಪಡೆಯುತ್ತಿದ್ದೇನೆ. ಕಲ್ಪನಾ ನಿಮ್ಮ ಅಧ್ಯಯನದಲ್ಲಿ ಇರತಕ್ಕದ್ದು. ನಾನು ಅವಳನ್ನು ಹಲವು ಸಲ ವೇದಿಕೆ ಹತ್ತಿಸಲು ನೋಡಿದೆ. ಎದುರು ಮಾತಾಡುವುದು ಅವಳ ಸ್ವಭಾವವಲ್ಲ. ಕೆಳಗಿಳಿದು ಬಂದು ಮುತ್ಯಾನ ಪಕ್ಕ ಕುಳಿತು ಉಣ್ಣೆ ಹಿಂಜುವಳು. ಈಗ ನಿಮ್ಮ ವಿರುದ್ಧ ಅವಳೊಬ್ಬಳೇ ನಿಂತಿದ್ದಾಳೆ. ಅವಳಿಗೆ ಪೂರ್ತಿ ಸಮಯ ಕೊಡಿ.

ಷರತ್ತುಗಳು: ಅವಳ ಹೆಸರು ಬೇಡ. ವಾಸನೆಯ ಸಂಗತಿಯನ್ನು ಅವಳು ಹೇಳುತ್ತಿದ್ದ ಮಾತಿನಲ್ಲೇ ಬರೆಯಬೇಕು. ಪರೀಕ್ಷೆಯ ಅಂಕಿ ನೋಡಿ ಯಾರೂ ಯಾರಿಗೂ "ಏನೂ ಇಲ್ಲ" ಎಂದು ಹೇಳಕೂಡದೆಂದು ಸ್ಪಷ್ಟವಾಗಿ ನಮೂದಿಸಬೇಕು. ವರದಿ ಬಂದಾಗ ಒಂದು ಪ್ರತಿ ಅಂಚೆಯಲ್ಲಿ ಕಳಿಸಬೇಕು.

ಸೂಗಪ್ಪನಿಗೆ ಬೇರೆ ಕೆಲಸ ಸಿಕ್ಕಿದೆಯೇ ಎಂದು ಅಂಬವ್ವ ಕೇಳುತ್ತಾಳೆ. ನಾನು ಕೇಳುತ್ತಿಲ್ಲ.

ಬಸವಂತರಾಯ

---

ಭೀಮರಾಯನಗುಡಿ ಕ್ಯಾಂಪ್
14 ಸೆಪ್ಟೆಂಬರ್ 2025

ಡಾ. ಅರ್ಜುಮಂದ ಅವರಿಗೆ,

ವರದಿ ತಲುಪಿತು. ಹೊರಗಿನ ಪ್ರಯೋಗಾಲಯದಲ್ಲೂ ಅದೇ ಅಂಕಿ ಬಂದದ್ದನ್ನು ಓದಿದೆ. ಕಂಪನಿ ಹಿಂದೆ ಸರಿಯಿತೆಂದು ನಿಮ್ಮ ಚೀಟಿಯಲ್ಲಿ ಒಂದು ಸಾಲು ಬರೆದಿದ್ದೀರಿ; ಅದರ ಬಗ್ಗೆ ನನ್ನ ಸಮಾಧಾನ ನಿಮಗೆ ಬೇಕಿಲ್ಲವೆಂದು ತಿಳಿಯುತ್ತೇನೆ. ನನ್ನ ಷರತ್ತುಗಳೆಲ್ಲವೂ ಪಾಲನೆಯಾಗಿವೆ. ಇಂದು ತೀರ್ಪುಗಾರನಾಗಿ ಕುಳಿತಿದ್ದರೆ ನಿಮಗೆ ಎರಡನೆಯ ಸ್ಥಾನ ಕೊಡುತ್ತಿರಲಿಲ್ಲ.

ನಿನ್ನೆ ಸಂಜೆ ಕಲ್ಪನಾಳ ಬಗ್ಗೆ ಇರುವ ಭಾಗವನ್ನು ಮನೆಯಲ್ಲಿ ಓದಿದೆ. ಅಂಬವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ತಂದೆಯವರು ಪಡಸಾಲೆಯಲ್ಲಿದ್ದರು. ಅವರಿಗೆ ಇನ್ನು ಮುಚ್ಚಿಡುವುದು ಬೇಡವೆಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಅವರ ಕಿವಿ ಈಗ ಬಹಳ ಮಂದವಾಗಿದೆ. ಹತ್ತಿರ ಕುಳಿತು ಹೇಳಿದರೂ ಕೇಳಿಸುವುದಿಲ್ಲ. ಎದ್ದು ನಿಂತು, ಕಾಲೇಜು ಬಿಟ್ಟ ಮೇಲೆ ಎಂದೂ ಬಳಸದ ದನಿಯಲ್ಲಿ, ಬೀದಿಗೆ ಕೇಳುವಂತೆ ಓದಬೇಕಾಯಿತು. ಇಪ್ಪತ್ತು ವರ್ಷದ ಯುವತಿ. ರಕ್ತದಲ್ಲಿ ಗುರುತು ಕಾಣಲಿಲ್ಲ. ಬೇರೆ ಯಾರಿಗೂ ಬಾರದ ಸುಟ್ಟ ಉಣ್ಣೆಯ ವಾಸನೆ ತನಗೆ ಬರುತ್ತಿದೆ ಎಂದು ಮನೆಯಲ್ಲಿ ಹೇಳುತ್ತಿದ್ದಳು. ಆ ವಾಸನೆ ಗಡ್ಡೆಯಿಂದ ಬಂದದ್ದು. ಅದನ್ನು ಯಾರೂ ಕೇಳಿರಲಿಲ್ಲ. ಒಂದೊಂದು ವಾಕ್ಯವನ್ನೂ ನಮ್ಮ ಮಾತಿಗೆ ತಿರುಗಿಸಿ ಎರಡೆರಡು ಸಲ ಹೇಳಿದೆ. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು.

ತಂದೆಯವರು ಹೆಗಲ ಮೇಲಿನ ಕಂಬಳಿಯ ಅಂಚನ್ನು ಹಿಡಿದುಕೊಂಡರು. ಆಮೇಲೆ ಕೇಳಿದರು: "ಅಂದ್ರ ಕಂಬಳಿ ಸುಟ್ಟಿದ್ದಿಲ್ಲೇನು?"

ಇಲ್ಲವೆಂದೆ.

"ನನ್ನ ಬೀಡಿ ಕಿಡಿ?"

ಅದೂ ಅಲ್ಲವೆಂದೆ.

"ನಾ ದಿನಾ ಹುಡಕಾಕತ್ತೀನಲ್ಲೋ ತಮ್ಮಾ," ಎಂದರು. "ಎಲ್ಲಿ ಸುಟ್ಟದ ಅಂತ ಸಿಕ್ಕರ, ಆ ಜಾಗಾ ಕತ್ತರಿಸಿ ಒಗದರ ಆತು ಅಂತ."

ಒಂದೂವರೆ ವರ್ಷದಿಂದ ಅವರು ಕಂಬಳಿಯನ್ನು ತಿರುವಿ ನೋಡುತ್ತಿದ್ದುದು ಏಕೆಂದು ನಾನು ಕೇಳಿರಲಿಲ್ಲ.

ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಕಂಬಳಿಯನ್ನು ಹೆಗಲಿಂದ ತೆಗೆದು ನನ್ನ ಕೈಗೆ ಕೊಟ್ಟು, "ನನ್ನ ಕಣ್ಣಿಗೆ ಪೊರಿ ಬಂದಾವ. ನೀ ಒಮ್ಮಿ ನೋಡು," ಎಂದರು. ವರದಿಯನ್ನು ಓದಿ ಹೇಳಿದವನು ನಾನೇ. ಆದರೂ ಅಂಗಳದ ಬೆಳಕಿಗೆ ಒಯ್ದು ಹರವಿದೆ. ಅಂಬವ್ವ ಇನ್ನೊಂದು ತುದಿ ಹಿಡಿದಳು. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ಮಗ್ಗುಲು ತಿರುಗಿಸಿ, ಎಳೆ ಎಳೆ ನೋಡಿದೆವು.

ಎಲ್ಲಿಯೂ ಸುಟ್ಟಿಲ್ಲ. ಇದನ್ನೂ ನಿಮ್ಮ ದಾಖಲೆಗೆ ಸೇರಿಸಿಕೊಳ್ಳಿ.

ಕಲ್ಪನಾಳ ತಂದೆ,
ಬಸವಂತರಾಯ